ಹೊಲಿಗೆ ಒಮ್ಮೆ ಸರಿ, ಒಮ್ಮೆ ಸಡಿಲ: ಟೆನ್ಷನ್ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನಮಸ್ತೆ ಸರ್. ನಾನು ಮದ್ದೂರು ಕಡೆಯವಳು. ಮೊದಲು ಬೆಂಗಳೂರಿನ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಸೆಕೆಂಡ್ ಹ್ಯಾಂಡ್ ಜೂಕಿ ಸಿಂಗಲ್ ನೀಡಲ್ ಪವರ್ ಮೆಷಿನ್ ತಗೊಂಡು ಮನೆಯಲ್ಲೇ ಶಾಲೆ ಯೂನಿಫಾರ್ಮ್ ಹೊಲಿಯುತ್ತೇನೆ. ಹೊಲಿಗೆ ಒಂದೇ ಸಮ ಬರುತ್ತಿಲ್ಲ. ಒಂದಷ್ಟು ದೂರ ಚೆನ್ನಾಗಿ ಬರುತ್ತೆ, ಆಮೇಲೆ ಇದ್ದಕ್ಕಿದ್ದಂತೆ ಬಟ್ಟೆಯ ಕೆಳಗಡೆ ದಾರ ಲೂಪ್ ಲೂಪಾಗಿ ನಿಲ್ಲುತ್ತೆ. ಪ್ಯಾಂಟಿನ ಸೊಂಟಪಟ್ಟಿ, ಜಾಯಿಂಟ್‌ಗಳಂಥ ದಪ್ಪ ಜಾಗದಲ್ಲಿ ಇದು ಜಾಸ್ತಿ. ಮೆಕ್ಯಾನಿಕ್ ಬಂದು ಮೇಲಿನ ದಾರದ ಟೆನ್ಷನ್, ಅಂದ್ರೆ ಎಳೆತ, ಬಿಗಿ ಮಾಡಿ ಹೋದರು. ಸ್ವಲ್ಪ ದಿನ ಸರಿ ಇತ್ತು. ಈಗ ಕೆಲವು ಕಡೆ ಕೆಳಗಿನ ದಾರ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ, ಕೆಲವು ಕಡೆ ಅದೇ ಹಳೇ ಲೂಪು. ದಾರ, ಸೂಜಿ ಎರಡೂ ಬದಲಾಯಿಸಿದೆ. ಕೆಳಗೆ ಸುತ್ತುತ್ತಾ ದಾರ ಹಿಡಿಯುವ ಹುಕ್ ಹೋಗಿದೆ, ಹೊಸದು ಹಾಕಿಸಿ ಅಂತಿದ್ದಾರೆ. ಹಾಕಿಸಲೇಬೇಕಾ?

ಉತ್ತರ: ಹುಕ್‌ಗೆ ಈಗಲೇ ದುಡ್ಡು ಹಾಕಬೇಡಿ ಅಕ್ಕಾ. ಹುಕ್ ಕೆಟ್ಟಾಗ ಸಾಮಾನ್ಯವಾಗಿ ಮೊದಲು ಕಾಣೋದು ಸ್ಟಿಚ್ ತಪ್ಪೋದು, ದಾರ ಸೀಳೋದು, ಪದೇ ಪದೇ ತುಂಡಾಗೋದು. ನಿಮ್ಮ ಪತ್ರದಲ್ಲಿ ಈ ಮೂರರ ಮಾತೇ ಇಲ್ಲ. ಇರೋದು ಟೆನ್ಷನ್ ಏರುಪೇರು ಮಾತ್ರ. ಅದಕ್ಕೆ ಕಾರಣಗಳು ಬೇಕಾದಷ್ಟಿವೆ, ಹೆಚ್ಚಿನವನ್ನು ನೀವೇ ಕೂತು ನೋಡಿಕೊಳ್ಳಬಹುದು.

ಶುರುವಿಂದ ಕೊನೆತನಕ ಹೊಲಿಗೆ ಒಂದೇ ಥರ ಕೆಟ್ಟಿದ್ದರೆ ಅದು ಟೆನ್ಷನ್ ನಾಬ್ ತಿರುಗಿಸಿ ಸರಿ ಮಾಡೋ ವಿಷಯ. ಒಮ್ಮೆ ಸರಿ, ಒಮ್ಮೆ ಕೆಟ್ಟದು ಅಂತ ಬಂದರೆ ನಾಬ್ ಮುಟ್ಟಬಾರದು. ನೀವು ಹೊಲಿಯುತ್ತಿರುವಾಗ ನಾಬ್ ತಾನಾಗಿ ಹಿಂದೆ ಮುಂದೆ ಓಡಾಡಲ್ಲ, ಅಲ್ವಾ? ದಾರ ಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಆಗಾಗ ಹಿಡಿಯುತ್ತಿದೆ, ಇಲ್ಲವೇ ಆಗಾಗ ಬಿಟ್ಟುಕೊಡುತ್ತಿದೆ. ಆ ಜಾಗ ಸಿಗುವ ತನಕ ನಾಬ್ ಎಷ್ಟು ತಿರುಗಿಸಿದರೂ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತೆ. ನಿಮ್ಮಲ್ಲಿ ಆಗಿರೋದೂ ಅದೇ. ಮೊದಲು ಲೂಪ್ ಮಾತ್ರ ಇತ್ತು. ಮೇಲಿನ ಟೆನ್ಷನ್ ಬಿಗಿ ಮಾಡಿದ ಮೇಲೆ, ದಾರ ಸರಿಯಾಗಿ ಹಿಡಿತದಲ್ಲಿರುವ ಜಾಗದಲ್ಲಿ ಬಿಗಿ ಜಾಸ್ತಿಯಾಗಿ ಕೆಳಗಿನ ದಾರ ಮೇಲೆ ಬಂತು. ಹಿಡಿತ ತಪ್ಪುವ ಜಾಗದಲ್ಲಿ ಲೂಪ್ ಹಾಗೇ ಉಳಿಯಿತು.

ಇನ್ನೊಂದು ವಿಷಯ. ಲೂಪ್ ಕೆಳಗೆ ಕಾಣುತ್ತೆ ಅಂತ ಎಲ್ಲರೂ ಕೆಳಗಿನ ದಾರ ಸುತ್ತಿದ ಬಾಬಿನ್ ಕಡೆ ಕೈ ಹಾಕುತ್ತಾರೆ. ಕೆಳಗೆ ಲೂಪ್ ಆಗಿ ನಿಂತಿರುವುದು ಮೇಲಿನ ದಾರ. ಹುಕ್ ಅದನ್ನು ಕೆಳಗೆ ಎಳೆದುಕೊಂಡು ಹೋಗಿ ಬಾಬಿನ್ ಕೇಸ್ ಸುತ್ತ ಹಾಯಿಸುತ್ತೆ. ಮೆಷಿನ್ ಮುಂದೆ ಮೇಲೆ ಕೆಳಗೆ ಆಡುವ ಟೇಕಪ್ ಲಿವರ್ ಅದನ್ನು ವಾಪಸ್ ಮೇಲೆ ಎಳೆಯಬೇಕು. ಮೇಲೆ ಟೆನ್ಷನ್ ಡಿಸ್ಕ್ (ದಾರವನ್ನು ನಡುವೆ ಒತ್ತಿ ಹಿಡಿಯುವ ಎರಡು ತಟ್ಟೆ) ಹಿಡಿದುಕೊಂಡಿಲ್ಲ ಅಂದ್ರೆ ಲಿವರ್ ಕೆಳಗಿನ ಲೂಪ್ ಎಳೆಯುವ ಬದಲು ದಾರದ ಕೋನ್ ಕಡೆಯಿಂದ ದಾರ ಎಳೆದುಕೊಳ್ಳುತ್ತೆ. ಲೂಪ್ ಅಲ್ಲೇ ಉಳಿಯುತ್ತೆ. ಇಲ್ಲವೇ ಡಿಸ್ಕ್ ಸರಿ ಇದ್ದರೂ, ಕೆಳಗೆ ಹುಕ್ ಹತ್ತಿರ ದಾರ ಏನಕ್ಕಾದರೂ ಸಿಕ್ಕಿಕೊಂಡು ಸಮಯಕ್ಕೆ ಬಿಡಿಸಿಕೊಂಡು ಬರದಿದ್ದರೆ ಆಗಲೂ ಲೂಪ್ ಬರುತ್ತೆ. ಹಾಗಾಗಿ ನಿಮ್ಮ ತೊಂದರೆಗೆ ಎರಡು ಅನುಮಾನದ ಜಾಗ: ಡಿಸ್ಕ್ ಮತ್ತು ಹುಕ್ ಸುತ್ತಮುತ್ತ. ಬಾಬಿನ್ ಕೇಸ್ ಮೂರನೆಯದು.

ಈ ಮೆಷಿನ್ ಓಡುವ ವೇಗ ನೆನಪಿಟ್ಟುಕೊಳ್ಳಿ. ಜೂಕಿ ಡಿಡಿಎಲ್-8700 ಥರದ ಮೆಷಿನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ 5,500 ಸ್ಟಿಚ್ ಹಾಕುತ್ತೆ. ಮನೆಯಲ್ಲಿ 3,000ಕ್ಕೆ ಓಡಿಸಿದರೂ ಹುಕ್ ಸುತ್ತುವುದು ಅದರ ಎರಡರಷ್ಟು, ಅಂದ್ರೆ 6,000 ಸಲ. ಒಂದು ಸ್ಟಿಚ್‌ಗೆ ಹುಕ್ ಎರಡು ಸುತ್ತು. ದಾರದ ಒಂದೇ ತುಂಡು ಬಟ್ಟೆಯಲ್ಲಿ ಕೂರುವ ಮೊದಲು ಸೂಜಿ ಕಣ್ಣಲ್ಲಿ ಹತ್ತಾರು ಸಲ ಮೇಲೆ ಕೆಳಗೆ ಉಜ್ಜಿಕೊಂಡು ಓಡಾಡುತ್ತೆ. ಕಣ್ಣಿಗೆ ಕಾಣದ ಸಣ್ಣ ಗೀರು ಕೂಡ ಈ ವೇಗದಲ್ಲಿ ಹೊಲಿಗೆ ಕೆಡಿಸುವಷ್ಟು ದೊಡ್ಡದಾಗುತ್ತೆ.

ಈಗ ಕೆಲಸಕ್ಕೆ ಬರೋಣ. ಮೊದಲು ಒಂದು ಪರೀಕ್ಷೆ. ಒಂದೆರಡು ಅಡಿ ಉದ್ದದ ಬಿಳಿ ಬಟ್ಟೆ ಎರಡು ಪದರ ಮಾಡಿ. ಮೇಲೆ ಕೆಂಪು ದಾರ, ಕೆಳಗೆ ನೀಲಿ ದಾರ ಹಾಕಿ. ಎರಡೂ ಒಂದೇ ಕಂಪನಿಯ, ಒಂದೇ ದಪ್ಪದ ದಾರ ಆಗಿರಲಿ. ನೇರ ಹೊಲಿಯಿರಿ, ಅರ್ಧ ನಿಧಾನ, ಅರ್ಧ ಜೋರು. ನಡುವೆ ಒಂದು ಕಡೆ ಬಟ್ಟೆಯನ್ನು ನಾಲ್ಕಾರು ಪದರ ಮಡಚಿ ಅದರ ಮೇಲೂ ಹಾಯಿಸಿ. ಈಗ ಎಲ್ಲಿ ಕೆಂಪು ಕೆಳಗೆ ಬಂತು, ಎಲ್ಲಿ ನೀಲಿ ಮೇಲೆ ಬಂತು, ಎಷ್ಟು ದೂರಕ್ಕೊಮ್ಮೆ ಬಂತು ಅಂತ ಪೆನ್ನಲ್ಲಿ ಗುರುತು ಹಾಕಿ. ಒಂದೇ ಬಣ್ಣದ ದಾರದಲ್ಲಿ ಇದನ್ನು ನೋಡೋಕೆ ಹೋಗಬೇಡಿ, ಕಣ್ಣು ಮೋಸ ಹೋಗುತ್ತೆ.

ತಪ್ಪು ಯಾವಾಗ ಬರುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ದಪ್ಪ ಜಾಗದಲ್ಲಿ ಮಾತ್ರ ಬಂದರೆ ಒಂದು ಕಾರಣ. ಅಳೆದ ಹಾಗೆ ಇಷ್ಟಿಷ್ಟು ದೂರಕ್ಕೊಮ್ಮೆ ಬಂದರೆ ಇನ್ನೊಂದು. ಹೊಲಿಗೆಯ ಶುರುವಿನಲ್ಲಿ ಮಾತ್ರ, ಬಾಬಿನ್ ಮುಗಿಯುವ ಹೊತ್ತಿಗೆ ಮಾತ್ರ, ಜೋರಾಗಿ ಓಡಿಸಿದಾಗ ಮಾತ್ರ ಅಂತ ಬಂದರೆ ಅದಕ್ಕೆ ತಕ್ಕ ಬೇರೆ ಬೇರೆ ಕಾರಣ.

ನೀವು ದಪ್ಪ ಜಾಗದಲ್ಲಿ ಜಾಸ್ತಿ ಅಂದಿದ್ದೀರಿ. ಅದೇ ನನಗೆ ದೊಡ್ಡ ಸುಳಿವು. ಬಟ್ಟೆ ಒತ್ತಿ ಹಿಡಿಯುವ ಪ್ರೆಶರ್ ಫೂಟ್ ಎತ್ತಿದಾಗ ಟೆನ್ಷನ್ ಡಿಸ್ಕ್ ಬಿಚ್ಚಿಕೊಳ್ಳುತ್ತೆ, ಗೊತ್ತಲ್ಲ. ಬಟ್ಟೆ ಆರಾಮಾಗಿ ಈಚೆ ಎಳೆದುಕೊಳ್ಳಲಿ ಅಂತ ಮಾಡಿರೋ ಏರ್ಪಾಡು ಅದು. ಡಿಸ್ಕ್‌ಗಳ ನಡುವೆ ಒಂದು ಸಣ್ಣ ಪಿನ್ ಇರುತ್ತೆ. ಫೂಟ್ ಎತ್ತಿದರೆ ಪಿನ್ ಮುಂದೆ ಬಂದು ಡಿಸ್ಕ್ ಬಿಡಿಸುತ್ತೆ, ಇಳಿಸಿದರೆ ಹಿಂದೆ ಹೋಗುತ್ತೆ. ಇದು ಹೊಲಿಯುತ್ತಿರುವಾಗಲೇ ಅರ್ಧಂಬರ್ಧ ಆದರೆ? ಬಟ್ಟೆ ಓಡುತ್ತಲೇ ಇರುತ್ತೆ, ಮೇಲಿನ ದಾರಕ್ಕೆ ಹಿಡಿತವೇ ಇರಲ್ಲ.

ಪರೀಕ್ಷೆ ಸುಲಭ. ಮೆಷಿನ್ ಸ್ವಿಚ್ ಆಫ್ ಮಾಡಿ. ಸೂಜಿಯಿಂದ ದಾರ ತೆಗೆದು ಟೇಕಪ್ ಲಿವರ್ ತನಕ ಮಾತ್ರ ಬಿಡಿ. ಫೂಟ್ ಇಳಿಸಿ ದಾರ ಎಳೆಯಿರಿ, ಬಿಗಿ ಗೊತ್ತಾಗಬೇಕು. ಫೂಟ್ ಎತ್ತಿ ಎಳೆಯಿರಿ, ಸರಾಗ ಬರಬೇಕು. ಈಗ ಮುಖ್ಯವಾದದ್ದು. ಪ್ಯಾಂಟ್ ಸೊಂಟಪಟ್ಟಿಯಷ್ಟೇ ದಪ್ಪ ಬರುವ ಹಾಗೆ ಬಟ್ಟೆ ಮಡಚಿ ಫೂಟ್ ಕೆಳಗೆ ಇಟ್ಟು, ಫೂಟ್ ಪೂರ್ತಿ ಇಳಿಸಿ, ಮತ್ತೆ ಎಳೆಯಿರಿ. ಬಟ್ಟೆ ಇಲ್ಲದಾಗ ಇದ್ದ ಬಿಗಿಯೇ ಈಗಲೂ ಇರಬೇಕು. ಸಡಿಲ ಆಗಿದ್ದರೆ ಕಳ್ಳ ಸಿಕ್ಕಿದ ಹಾಗೇ. ದಪ್ಪಕ್ಕೆ ಫೂಟ್ ಸ್ವಲ್ಪ ಮೇಲೆ ನಿಂತಾಗಲೇ ರಿಲೀಸ್ ಪಿನ್ ಕೆಲಸ ಶುರು ಮಾಡಿಬಿಡುತ್ತಿದೆ. ಪಿನ್ ಬಗ್ಗಿರಬಹುದು, ಜಿಡ್ಡು ಹಿಡಿದು ಪೂರ್ತಿ ಹಿಂದೆ ಹೋಗದೆ ಇರಬಹುದು, ಟೆನ್ಷನ್ ಸೆಟ್ ಬಿಚ್ಚಿ ಹಾಕುವಾಗ ತುಂಬಾ ಒಳಕ್ಕೆ ಕೂರಿಸಿರಬಹುದು. ಸೆಕೆಂಡ್ ಹ್ಯಾಂಡ್ ಮೆಷಿನ್‌ನಲ್ಲಿ ಒಂದಕ್ಕೆ ಸೇರಿದ್ದ ಪಿನ್ ಇನ್ನೊಂದಕ್ಕೆ ಹಾಕಿರೋದೂ ಉಂಟು. ಉದ್ದ ಕೂದಲೆಳೆ ಜಾಸ್ತಿ ಇದ್ದರೂ ಸಾಕು, ಡಿಸ್ಕ್ ಪೂರ್ತಿ ಮುಚ್ಚಲ್ಲ.

ಮೊಣಕಾಲಿಂದ ಒತ್ತಿ ಫೂಟ್ ಎತ್ತುವ ಲಿಫ್ಟರನ್ನೂ ನೋಡಿ. ಅದರ ಪ್ಯಾಡ್‌ಗೆ ಸ್ವಲ್ಪ ಖಾಲಿ ಆಟ ಇರಬೇಕು, ಅಂದ್ರೆ ಮೊಣಕಾಲು ಮುಟ್ಟಿದ ತಕ್ಷಣ ಫೂಟ್ ಅಲುಗಬಾರದು. ಟೇಬಲ್ ಬದಲಾಯಿಸಿದ್ದರೆ ಲಿಫ್ಟರ್‌ನ ಕಡ್ಡಿ ಒಳಗೆ ಒತ್ತಿಕೊಂಡೇ ಕೂತಿರುತ್ತೆ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ದಪ್ಪ ಜಾಗ ಬಂದಾಗ ಫೂಟ್ ಹತ್ತಲಿ ಅಂತ ಗೊತ್ತಿಲ್ಲದೆ ಮೊಣಕಾಲು ಸ್ವಲ್ಪ ಒತ್ತುವ ಅಭ್ಯಾಸ ತುಂಬಾ ಜನರಿಗಿದೆ. ಗಾರ್ಮೆಂಟ್ಸ್‌ನಲ್ಲಿ ಟಾರ್ಗೆಟ್ ಹಿಂದೆ ಓಡಿದವರಿಗೆ ಇನ್ನೂ ಜಾಸ್ತಿ. ಆ ಸಣ್ಣ ಒತ್ತಿಗೇ ಡಿಸ್ಕ್ ಬಿಚ್ಚಿಕೊಳ್ಳುತ್ತೆ. ಲಿಫ್ಟರ್ ಕಡ್ಡಿಯನ್ನು ಕಳಚಿಟ್ಟು, ಕೈಲಿವರಿನಿಂದಲೇ ಫೂಟ್ ಎತ್ತಿ ಇಳಿಸಿ ಒಂದು ಸೊಂಟಪಟ್ಟಿ ಹೊಲಿದು ನೋಡಿ. ಲೂಪ್ ಬರಲಿಲ್ಲ ಅಂದ್ರೆ ಮೆಕ್ಯಾನಿಕ್ ಬೇಡವೇ ಬೇಡ, ಲಿಫ್ಟರ್ ಸ್ಕ್ರೂ ಸಡಿಲ ಮಾಡಿಕೊಂಡರೆ ಮುಗೀತು.

ಇದರಲ್ಲಿ ಸಿಗದಿದ್ದರೆ ಡಿಸ್ಕ್ ಬಿಚ್ಚಿ. ನಾಬ್ ಪೂರ್ತಿ ಬಿಚ್ಚುವ ಮೊದಲು ಅದು ಈಗ ಎಷ್ಟು ಒಳಗಿದೆ ಅಂತ ಒಂದು ಫೋಟೋ ತೆಗೆದಿಡಿ. ಒಳಗಿನ ಸಾಮಾನನ್ನು ತೆಗೆದ ಕ್ರಮದಲ್ಲೇ ಬಿಳಿ ಬಟ್ಟೆ ಮೇಲೆ ಜೋಡಿಸಿಡಿ. ಡಿಸ್ಕ್‌ಗಳ ನಡುವೆ ದಾರದ ಗಂಟು, ದಾರದ ಮೇಣ ಸೇರಿದ ಕಪ್ಪು ಜಿಡ್ಡು, ಬಟ್ಟೆಯ ನಾರು ಸಿಗಬಹುದು. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಬ್ಲೇಡು, ಸ್ಕ್ರೂಡ್ರೈವರ್ ತುದಿ ಹಾಕಿ ಕೆರೆಯಬೇಡಿ, ಗೀರು ಬಿದ್ದರೆ ಡಿಸ್ಕ್ ಹಾಳು. ಒಣಗಿದ ಮೇಲೆ ಉಗುರು ಆಡಿಸಿ ನೋಡಿ. ದಾರ ಓಡಿ ಓಡಿ ಡಿಸ್ಕ್‌ನಲ್ಲಿ ಗೆರೆ ಬಿದ್ದಿದ್ದರೆ ಉಗುರಿಗೆ ತಗಲುತ್ತೆ. ದಾರ ಆ ಗೆರೆಯೊಳಗೆ ಬಿದ್ದಾಗ ಸಡಿಲ, ಹೊರಗೆ ಬಂದಾಗ ಬಿಗಿ. ಯಾವ ಲೆಕ್ಕಕ್ಕೂ ಸಿಗದ ಹಾಗೆ ಎಲ್ಲೆಲ್ಲೋ ಬರುವ ತಪ್ಪಿಗೆ ಇದು ತುಂಬಾ ಸಲ ಕಾರಣ. ಗೆರೆ ಬಿದ್ದ ಡಿಸ್ಕ್ ಉಜ್ಜಿ ಸರಿ ಮಾಡೋ ಗೋಜಿಗೆ ಹೋಗದೆ ಜೋಡಿ ಬದಲಾಯಿಸಿ.

ಡಿಸ್ಕ್ ಪಕ್ಕದ ತೆಳು ತಂತಿ ಸ್ಪ್ರಿಂಗನ್ನು ಜನ ಮರೆತೇಬಿಡುತ್ತಾರೆ. ಸೂಜಿ ಕೆಳಗೆ ಇಳಿದು ಬಟ್ಟೆ ಮುಟ್ಟುವ ತನಕ ದಾರ ಜೋಲು ಬೀಳದ ಹಾಗೆ ಅದು ಎಳೆದು ಹಿಡಿದಿರುತ್ತೆ. ಬೆರಳಲ್ಲಿ ಕೆಳಕ್ಕೆ ಒತ್ತಿ ಬಿಡಿ, ಟಕ್ ಅಂತ ವಾಪಸ್ ಹೋಗಬೇಕು. ಸೋಮಾರಿಯಾಗಿ ಹೋದರೆ, ಮಧ್ಯದಲ್ಲಿ ನಿಂತರೆ, ಅಥವಾ ಕೊಕ್ಕೆಯ ಹತ್ತಿರ ದಾರ ಕೊರೆದ ಗೀರಿದ್ದರೆ ಹೊಸದು ಹಾಕಿ. ದಪ್ಪ ದಾರಕ್ಕೆ ಗಟ್ಟಿ ಸ್ಪ್ರಿಂಗ್, ತೆಳು ದಾರಕ್ಕೆ ಮೆತ್ತಗಿನ ಸ್ಪ್ರಿಂಗ್ ಅಂತ ಬೇರೆ ಬೇರೆ ಬರುತ್ತೆ. ಹಿಂದಿನ ಮಾಲೀಕರು ಜೀನ್ಸ್ ಹೊಲಿಯುತ್ತಿದ್ದರೆ ಆ ಗಟ್ಟಿ ಸ್ಪ್ರಿಂಗೇ ಇನ್ನೂ ಅದರಲ್ಲಿರಬಹುದು. ಹಾಗೇ ಮೆಷಿನ್ ಮುಖದ ಮೇಲೆ, ಟೇಕಪ್ ಲಿವರ್ ಪಕ್ಕ, ಎಡಕ್ಕೆ ಬಲಕ್ಕೆ ಸರಿಸಬಹುದಾದ ಒಂದು ದಾರದ ಗೈಡ್ ಇರುತ್ತೆ. ದಪ್ಪ ಬಟ್ಟೆಗೆ ಎಡಕ್ಕೆ, ತೆಳು ಬಟ್ಟೆಗೆ ಬಲಕ್ಕೆ. ಎಡಕ್ಕೆ ಸರಿಸಿದರೆ ಲಿವರ್ ಎಳೆಯುವ ದಾರ ಜಾಸ್ತಿಯಾಗುತ್ತೆ. ಅಂಗಿಯಿಂದ ಪ್ಯಾಂಟಿಗೆ ಹೋಗುವಾಗ ನಾಬ್ ಮುಟ್ಟುವ ಮುಂಚೆ ಇದನ್ನು ಸರಿಸಿ ನೋಡಿ. ಎಷ್ಟೋ ವರ್ಷ ಹೊಲಿದವರಿಗೂ ಆ ಗೈಡ್ ಸರಿಯುತ್ತೆ ಅಂತ ಗೊತ್ತಿರಲ್ಲ.

ಮೇಲೆ ಕೋನ್ ಕಡೆ ಒಂದು ನೋಟ. ಸ್ಟ್ಯಾಂಡಿನ ಕೊಕ್ಕೆ ಕೋನಿನ ನಡುನೆತ್ತಿಗೆ ಸರಿಯಾಗಿ ಮೇಲಿರಬೇಕು, ಎತ್ತರ ಕೋನಿನ ಎರಡೂವರೆಯಷ್ಟಾದರೂ ಬೇಕು. ಮನೆಯಲ್ಲಿ ಜಾಗ ಸಾಲದು ಅಂತ ಸ್ಟ್ಯಾಂಡ್ ಗಿಡ್ಡ ಮಾಡಿದ್ದರೆ, ಕೋನ್ ಓರೆಯಾಗಿ ಕೂತಿದ್ದರೆ, ದಾರ ಕೋನಿನ ಅಂಚಿಗೆ ಉಜ್ಜಿಕೊಂಡು ಎಳೆದೆಳೆದು ಬರುತ್ತೆ. ಬಿಡಿಸಿಕೊಂಡ ದಾರ ಕೋನಿನ ಬುಡಕ್ಕೆ ಜಾರಿ ಅಲ್ಲಿ ಸಿಕ್ಕಿಕೊಳ್ಳುವುದೂ ಇದೆ. ತೋಳಿನ ಮೇಲಿನ ತೂತಿನ ಗೈಡಿಗೆ ಬಿಗಿ ಬರಲಿ ಅಂತ ಸುತ್ತಿ ಸುತ್ತಿ ದಾರ ಹಾಕುವವರಿದ್ದಾರೆ. ಅದು ಬೇಡ. ಬಿಗಿ ಕೊಡಬೇಕಾದ್ದು ಡಿಸ್ಕ್, ಗೈಡ್ ಅಲ್ಲ. ಸಂತೆಯಲ್ಲಿ ತೂಕಕ್ಕೆ ಸಿಗುವ ಉಳಿಕೆ ಕೋನ್‌ಗಳ ಬಗ್ಗೆಯೂ ಹುಷಾರು. ದಾರ ಹಳೆಯದಾದರೆ ಮೇಲಿನ ಎಣ್ಣೆ ಪಸೆ ಆರಿರುತ್ತೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರಂತೂ ಯಾವ ಮೆಷಿನ್ನೂ ಸರಿ ಹೊಲಿಯಲ್ಲ. ಯೂನಿಫಾರ್ಮ್ ಬಟ್ಟೆಗೆ 120 ಟಿಕೆಟ್ಟಿನ (ದಾರದ ದಪ್ಪದ ನಂಬರ್) ಸ್ಪನ್ ಪಾಲಿಯೆಸ್ಟರ್ ಸಾಕು.

ಸೂಜಿ ಬದಲಾಯಿಸಿದೆ ಅಂದಿರಿ. ಯಾವ ಥರ ಕೂರಿಸಿದಿರಿ? ಈ ಮೆಷಿನ್ನಿಗೆ ಹಾಕುವ ಡಿಬಿ×1 ಸೂಜಿಯ ಬುಡ ಗುಂಡಗಿರುತ್ತೆ. ಮನೆ ಮೆಷಿನ್ ಸೂಜಿಯ ಹಾಗೆ ಒಂದು ಕಡೆ ಚಪ್ಪಟೆ ಇರಲ್ಲ. ಆದ್ದರಿಂದ ಹೇಗೆ ಬೇಕಾದರೂ ತಿರುಗಿ ಕೂರುತ್ತೆ. ಸೂಜಿಯ ಮೈ ಮೇಲಿರುವ ಉದ್ದ ಗೀರು ನಿಮ್ಮ ಎಡಕ್ಕೆ, ಕಣ್ಣಿನ ಮೇಲಿನ ತಗ್ಗು ಬಲಕ್ಕೆ, ಅಂದ್ರೆ ಹುಕ್ ಕಡೆಗೆ ಇರಬೇಕು. ದಾರ ಎಡದಿಂದ ಬಲಕ್ಕೆ. ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿ. ಸೂಜಿ ನಂಬರ್ ದಾರಕ್ಕೆ ಹೊಂದುತ್ತಾ ಅಂತ ನೋಡೋಕೆ, ಸೂಜಿಯನ್ನು ಅದೇ ದಾರಕ್ಕೆ ಪೋಣಿಸಿ, ದಾರವನ್ನು ಎರಡೂ ಕೈಯಲ್ಲಿ ಓರೆಯಾಗಿ ಬಿಗಿ ಹಿಡಿಯಿರಿ. ಸೂಜಿ ತನ್ನ ಭಾರಕ್ಕೇ ಜಾರಿ ಇಳಿಯಬೇಕು. ನಿಂತರೆ ಕಣ್ಣು ಸಣ್ಣದು. ಅಂಗಿ ಬಟ್ಟೆಗೆ 11, ಪ್ಯಾಂಟ್ ಬಟ್ಟೆಗೆ 14 ನಂಬರ್ ಇಟ್ಟುಕೊಳ್ಳಿ.

ಇನ್ನು ಬಾಬಿನ್. ಬಾಬಿನ್ ತಪ್ಪಿಗೆ ಒಂದು ಗುಣ ಇದೆ, ಅದು ಲೆಕ್ಕದಲ್ಲಿ ಬರುತ್ತೆ. ತುಂಬಿದ ಬಾಬಿನ್ ಒಂದು ಸುತ್ತು ಸುತ್ತಿದರೆ ಐದಾರು ಸೆಂಟಿಮೀಟರ್ ದಾರ ಬಿಡುತ್ತೆ. ಬಾಬಿನ್ ಸೊಟ್ಟಗಿದ್ದರೆ, ಅಂಚು ತಗ್ಗಾಗಿದ್ದರೆ, ಹೊಲಿಗೆಯಲ್ಲಿ ನಾಲ್ಕೈದು ಸೆಂಟಿಮೀಟರಿಗೊಮ್ಮೆ ಬಿಗಿ ಸಡಿಲ ಕಾಣುತ್ತೆ. ದಾರ ಖಾಲಿಯಾಗುತ್ತಾ ಬಂದ ಹಾಗೆ ಆ ಅಂತರ ಕಮ್ಮಿಯಾಗುತ್ತೆ, ಕೊನೆಗೆ ಎರಡು ಸೆಂಟಿಮೀಟರಿನ ಹತ್ತಿರ ಬರುತ್ತೆ. ನಿಮ್ಮ ಕೆಂಪು ನೀಲಿ ಚೂರಿನಲ್ಲಿ ಇಂಥ ಲೆಕ್ಕ ಕಂಡರೆ ಬೇರೇನೂ ಹುಡುಕಬೇಡಿ, ಬಾಬಿನ್ ಎಸೆದು ಹೊಸದು ಹಾಕಿ. ಸಿಮೆಂಟ್ ನೆಲಕ್ಕೆ ಒಂದು ಸಲ ಬಿದ್ದ ಅಲ್ಯೂಮಿನಿಯಂ ಬಾಬಿನ್ ನೋಡೋಕೆ ಸರಿ ಇರುತ್ತೆ. ಗಾಜಿನ ಮೇಲೆ ಉರುಳಿಸಿ ನೋಡಿದರೆ ಓಲಾಡೋದು ಗೊತ್ತಾಗುತ್ತೆ. ಸ್ಟೀಲ್, ಅಲ್ಯೂಮಿನಿಯಂ ಎರಡನ್ನೂ ಬೆರೆಸಿ ಬಳಸಬೇಡಿ. ಭಾರ ಬೇರೆ, ಎಳೆತ ಬೇರೆ.

ಬಾಬಿನ್ ಸುತ್ತೋದರಲ್ಲಿ ಅವಸರ ಮಾಡುವವರೇ ಜಾಸ್ತಿ. ಹಳೇ ದಾರ ಸ್ವಲ್ಪ ಉಳಿದಿದೆ ಅಂತ ಅದರ ಮೇಲೇ ಹೊಸದು ಸುತ್ತಬೇಡಿ. ವೈಂಡರ್‌ನ ಸಣ್ಣ ಟೆನ್ಷನ್ ಡಿಸ್ಕ್ ಒಳಗೆ ದಾರ ಕೂತಿದೆಯಾ ನೋಡಿ. ಕೂರದಿದ್ದರೆ ಮೆತ್ತಗೆ ಸುತ್ತಿಕೊಂಡು ಒಂದು ಪದರ ಇನ್ನೊಂದರೊಳಗೆ ಹುದುಗುತ್ತೆ, ಬಿಚ್ಚುವಾಗ ಸಿಕ್ಕಿ ಸಿಕ್ಕಿ ಬರುತ್ತೆ. ಅತಿ ಬಿಗಿ ಸುತ್ತಿದರೂ ತೊಂದರೆಯೇ. ಪಾಲಿಯೆಸ್ಟರ್ ದಾರ ಎಳೆದುಕೊಂಡು ಸುತ್ತಿರುತ್ತೆ, ಬಟ್ಟೆಯಲ್ಲಿ ಕೂತ ಮೇಲೆ ಕುಗ್ಗಿ ಹೊಲಿಗೆ ಸುಕ್ಕಾಗುತ್ತೆ. ಒಂದು ಕಡೆ ಗುಡ್ಡೆಯಾಗದೆ ಸಮ ಸುತ್ತಬೇಕು, ಅಂಚಿನ ತನಕ ತುಂಬದೆ ಮುಕ್ಕಾಲಿಗಿಂತ ಸ್ವಲ್ಪ ಮೇಲೆ, ನೂರಕ್ಕೆ 80 ಭಾಗದಷ್ಟು ತುಂಬಿದರೆ ಸಾಕು.

ಕೇಸ್ ಪರೀಕ್ಷೆ ನಿಮಗೆ ಗೊತ್ತಿರುತ್ತೆ. ದಾರದ ತುದಿ ಹಿಡಿದು ಕೇಸನ್ನು ಜೋತು ಬಿಡಿ. ತಾನಾಗಿ ಮೆಲ್ಲಗೆ ಇಳಿಯಬೇಕು. ದಡಕ್ಕನೆ ಬಿದ್ದರೆ ಸಡಿಲ, ಅಲುಗದೆ ನಿಂತರೆ ಬಿಗಿ. ಆದರೆ ಈ ಪರೀಕ್ಷೆಯನ್ನು ಎರಡು ಸಲ ಮಾಡಿ, ತುಂಬಿದ ಬಾಬಿನ್ ಹಾಕಿ ಒಮ್ಮೆ, ಮುಗಿಯುತ್ತಾ ಬಂದ ಬಾಬಿನ್ ಹಾಕಿ ಒಮ್ಮೆ. ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಜಪ್ಪಯ್ಯ ಅಂದರೂ ಇಳಿಯದಿದ್ದರೆ ಬಾಬಿನ್ ಕೇಸಿನೊಳಗೆ ಉಜ್ಜುತ್ತಿದೆ. ಇಳಿಯುವಾಗ ನಿಂತು ನಿಂತು, ಕುಪ್ಪಳಿಸಿ ಇಳಿದರೆ ಸ್ಪ್ರಿಂಗ್ ಕೆಳಗೆ ಕಸ ಇದೆ. ಗಟ್ಟಿ ಕಾಗದದ ಮೂಲೆಯನ್ನು ಸ್ಪ್ರಿಂಗ್ ಕೆಳಗೆ ತೂರಿಸಿ ಎಳೆದರೆ ಕಸ ಈಚೆ ಬರುತ್ತೆ. ಸ್ಪ್ರಿಂಗ್ ಮೇಲೆ ಎರಡು ಸ್ಕ್ರೂ ಇರುತ್ತೆ. ತುದಿಯದು ಸ್ಪ್ರಿಂಗ್ ಹಿಡಿದುಕೊಳ್ಳೋದಕ್ಕೆ, ಅದನ್ನು ಮುಟ್ಟಬೇಡಿ. ನಡುವಿನದು ಟೆನ್ಷನ್‌ಗೆ. ತಿರುಗಿಸುವ ಮೊದಲು ಮಾರ್ಕರ್‌ನಲ್ಲಿ ಗೆರೆ ಹಾಕಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಸ್ಪ್ರಿಂಗಿನ ಅಂಚಲ್ಲಿ ದಾರ ಕೊರೆದ ಗೆರೆ ಕಂಡರೆ ಕೇಸೇ ಬದಲಾಯಿಸಿ. ಕೇಸ್ ಅನ್ನೋದು ಹುಕ್‌ಗಿಂತ ತುಂಬಾ ಅಗ್ಗ. ಅನುಮಾನ ಇದ್ದರೆ ಮೊದಲು ಕೇಸ್, ಬಾಬಿನ್ ಹೊಸದು ಹಾಕಿ ನೋಡೋದೇ ಬುದ್ಧಿವಂತಿಕೆ.

ನಿಮ್ಮದು ದಾರ ಕತ್ತರಿಸುವ ಆಟೋ ಟ್ರಿಮ್ಮರ್ ಮೆಷಿನ್ ಆಗಿದ್ದು, ಪ್ರತಿ ಹೊಲಿಗೆಯ ಶುರುವಿನ ನಾಲ್ಕಾರು ಸ್ಟಿಚ್ ಮಾತ್ರ ಸಡಿಲ ಬರುತ್ತಿದ್ದರೆ, ಕೇಸಿನ ಒಳಗೆ ತಳದಲ್ಲಿ ತೆಳು ಎಲೆಯಂಥ ಸ್ಪ್ರಿಂಗ್ ಇದೆಯಾ ನೋಡಿ. ಮೆಷಿನ್ ನಿಂತು ದಾರ ಕತ್ತರಿಸುವಾಗ ಬಾಬಿನ್ ಸುಮ್ನೆ ಗಿರ್ರನೆ ತಿರುಗಿ ದಾರ ಬಿಚ್ಚದ ಹಾಗೆ ಅದು ತಡೆಯುತ್ತೆ. ಕ್ಲೀನ್ ಮಾಡುವಾಗ ಬಿದ್ದುಹೋಗಿ, ಇಲ್ಲ ಅನ್ನೋದೇ ಯಾರಿಗೂ ಗೊತ್ತಾಗಿರಲ್ಲ.

ಈಗ ಹುಕ್ ಹತ್ತಿರ. ಕರೆಂಟ್ ತೆಗೆಯಿರಿ, ಸರ್ವೋ ಮೋಟಾರ್ ಇದ್ದರೆ ಪ್ಲಗ್ಗೇ ಕೀಳಿ. ನೀಡಲ್ ಪ್ಲೇಟ್ ಬಿಚ್ಚಿ, ಕೇಸ್ ತೆಗೆದು, ಬ್ರಶ್‌ನಲ್ಲಿ ಹುಕ್ ಸುತ್ತ, ಬಟ್ಟೆ ತಳ್ಳುವ ಹಲ್ಲಿನ ನಡುವೆ ಕ್ಲೀನ್ ಮಾಡಿ. ಹುಕ್ ಹಿಂದೆ ದಾರದ ತುಂಡು ಸುತ್ತಿಕೊಂಡಿದ್ದರೆ ಚಿಮುಟದಲ್ಲಿ ಎಳೆಯಿರಿ. ಆಮೇಲೆ ಕೇಸ್ ಹಾಕಿ, ಮೇಲಿನ ದಾರವನ್ನು ಕೈಯಲ್ಲಿ ಮೆತ್ತಗೆ ಹಿಡಿದು, ಹ್ಯಾಂಡ್ ವೀಲನ್ನು ನಿಮ್ಮ ಕಡೆಗೆ ನಿಧಾನ ತಿರುಗಿಸಿ. ಲೂಪ್ ಕೇಸನ್ನು ಸುತ್ತಿ ಮೇಲೆ ಬರುವಾಗ ಕೈಗೆ ನಯವಾಗಿ ಗೊತ್ತಾಗಬೇಕು. ಟಕ್ ಅಂತ ಎಳೆದು ಬಿಟ್ಟ ಹಾಗಾದರೆ ಅಲ್ಲಿ ಎರಡು ವಿಷಯ ನೋಡಬೇಕು. ಒಂದು, ಹುಕ್ ಒಳಭಾಗ ತಿರುಗದ ಹಾಗೆ ತಡೆದು ಹಿಡಿಯುವ ಬೆರಳಿನಂಥ ಪಟ್ಟಿ. ಅದರ ತುದಿಗೂ ಹುಕ್‌ನ ತಗ್ಗಿಗೂ ನಡುವೆ ದಾರ ಸರಾಗ ನುಸುಳುವಷ್ಟು ಸಂದು ಬೇಕು. ಸಂದು ಕಮ್ಮಿಯಿದ್ದರೆ ದಾರ ಪ್ರತಿ ಸ್ಟಿಚ್‌ಗೂ ಅಲ್ಲಿ ಹಿಡಿದುಕೊಂಡು ಬರುತ್ತೆ. ನಿಧಾನ ಹೊಲಿದಾಗ ಗೊತ್ತಾಗಲ್ಲ, ಜೋರು ಮಾಡಿದಾಗ ಲೂಪ್ ಬೀಳುತ್ತೆ. ಎರಡು, ಹುಕ್‌ನ ಮೊನೆ, ಅಂಚು, ಪ್ಲೇಟಿನ ತೂತು. ಸೂಜಿ ಯಾವಾಗಲಾದರೂ ಮುರಿದಿದ್ದರೆ ಅಲ್ಲೆಲ್ಲ ಗೀರು ಬಿದ್ದಿರುತ್ತೆ. ಹತ್ತಿಯ ಎಳೆಯನ್ನು ಮೆಲ್ಲಗೆ ಸವರಿ, ಎಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಗೀರು. ಸಣ್ಣ ಗೀರಾದರೆ ಅತಿ ನಯದ ಎಮರಿ ಕಾಗದದಲ್ಲಿ ಹಗುರವಾಗಿ ಉಜ್ಜಿದರೆ ಹೋಗುತ್ತೆ. ಮೊನೆಯ ಚೂಪು ಮಾತ್ರ ಕಳೀಬೇಡಿ.

ಎಣ್ಣೆ ನೋಡಿದಿರಾ? ತೊಟ್ಟಿಯಲ್ಲಿ ಮೇಲಿನ ಗೆರೆ, ಕೆಳಗಿನ ಗೆರೆ ಅಂತ ಗುರುತು ಇರುತ್ತೆ, ಎಣ್ಣೆ ಅವೆರಡರ ನಡುವೆ ನಿಲ್ಲಬೇಕು. ಮೆಷಿನ್ ಓಡುವಾಗ ಮೇಲಿನ ಗಾಜಿನ ಕಣ್ಣಲ್ಲಿ ಎಣ್ಣೆ ಚಿಮ್ಮೋದು ಕಾಣಬೇಕು. ಹುಕ್ ಒಣಗಿದ್ದರೆ ಬಿಸಿಯಾಗಿ ಬಿಗಿಯುತ್ತೆ, ಬೆಳಗ್ಗೆ ಸರಿ ಇದ್ದ ಹೊಲಿಗೆ ಒಂದೆರಡು ಗಂಟೆ ಓಡಿಸಿದ ಮೇಲೆ ಕೆಡುತ್ತೆ. ಹೊಲಿಗೆ ಮೆಷಿನ್ನಿನ ಬಿಳಿ ಎಣ್ಣೆ ಮಾತ್ರ ಹಾಕಿ. ಕೊಬ್ಬರಿ ಎಣ್ಣೆ ಹಾಕಿದ ಮೆಷಿನ್ ನಾನು ಬಿಚ್ಚಿದ್ದೇನೆ, ಒಳಗೆಲ್ಲ ಅಂಟು ಬಳಿದ ಹಾಗಿತ್ತು. ಅದು ತಲೆಗೆ ಚೆನ್ನಾಗಿರುತ್ತೆ, ಮೆಷಿನ್ನಿಗೆ ಬೇಡ.

ಹುಕ್ ಟೈಮಿಂಗ್, ಹಲ್ಲಿನ ಟೈಮಿಂಗ್ ವಿಷಯ ಮೆಕ್ಯಾನಿಕ್‌ಗೆ ಬಿಡಿ. ಹುಕ್ ಮೊನೆಗೂ ಸೂಜಿಗೂ ನಡುವೆ 0.04ರಿಂದ 0.1 ಮಿಲಿಮೀಟರ್ ಸಂದು ಇರಬೇಕು, ಅದನ್ನು ಕಣ್ಣಳತೆಯಲ್ಲಿ ಮಾಡೋಕಾಗಲ್ಲ. ಟೈಮಿಂಗ್ ತಪ್ಪಿದರೆ ಸ್ಟಿಚ್ ತಪ್ಪುತ್ತೆ, ಅಷ್ಟು ದೂರ ಚೆನ್ನಾಗಿ ಬಂದು ಆಮೇಲೆ ಟೆನ್ಷನ್ ಮಾತ್ರ ಕೆಡೋದು ಅಪರೂಪ. ಹುಕ್ ಬದಲಾಯಿಸಿ ಅನ್ನುವವರಿಗೆ, ಯಾವ ಜಾಗದಲ್ಲಿ ಸವೆದಿದೆ ತೋರಿಸಿ ಅಂತ ಕೇಳಿ. ತೋರಿಸಿದರೆ ಹಾಕಿಸೋಣ.

ಎಲ್ಲ ನೋಡಿ ಆದ ಮೇಲೆ ಟೆನ್ಷನ್ ಹೊಸದಾಗಿ ಇಡಬೇಕು, ಮೆಕ್ಯಾನಿಕ್ ಬಿಗಿ ಮಾಡಿದ್ದು ಹಾಗೇ ಇದೆಯಲ್ಲ. ಮೊದಲು ಕೆಳಗಿನದು, ಆಮೇಲೆ ಮೇಲಿನದು. ಕೇಸ್ ಮೆಲ್ಲಗೆ ಇಳಿಯುವ ಹಾಗೆ ಸ್ಕ್ರೂ ಇಟ್ಟು, ಇನ್ನು ಅದನ್ನು ಮರೆತುಬಿಡಿ. ಮೇಲಿನ ನಾಬನ್ನು ಕೆಳಗೆ ಲೂಪ್ ಕಾಣುವಷ್ಟು ಸಡಿಲ ಬಿಟ್ಟು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಪ್ರತಿ ಸಲ ಒಂದು ಗೇಣು ಹೊಲಿಯಿರಿ. ಲೂಪ್ ಹೋಗಿ ಎರಡು ದಾರದ ಗಂಟು ಬಟ್ಟೆಯ ಪದರಗಳ ನಡುವೆ ಕೂತ ಕೂಡಲೇ ನಿಲ್ಲಿಸಿ. ಇನ್ನೊಂದು ಸ್ವಲ್ಪ ಇರಲಿ ಅಂತ ಬಿಗಿ ಮಾಡಬೇಡಿ. ಎರಡೂ ದಾರವನ್ನು ಬಿಗಿ ಬಿಗಿ ಮಾಡಿ ಸರಿದೂಗಿಸಿದರೆ ಹೊಲಿಗೆ ಚೆನ್ನಾಗೇ ಕಾಣುತ್ತೆ, ಮಗು ಕೂತೇಳುವಾಗ ಪ್ಯಾಂಟಿನ ಹಿಂಬದಿ ಪಟ್ ಅಂತ ಬಿಡುತ್ತೆ. ಅದನ್ನು ನೋಡೋಕೆ ಬಟ್ಟೆಯನ್ನು ಓರೆಯಾಗಿ, ಅಂದ್ರೆ ಎಳೆಗೆ ಅಡ್ಡಡ್ಡ ಮೂಲೆಯಿಂದ ಮೂಲೆಗೆ ಹೊಲಿದು ಎರಡೂ ಕೈಯಲ್ಲಿ ಜೋರಾಗಿ ಎಳೆಯಿರಿ. ಯಾವ ಬಣ್ಣದ ದಾರ ಮೊದಲು ತುಂಡಾಗುತ್ತೋ ಅದು ಬಿಗಿ ಜಾಸ್ತಿ.

ನನ್ನ ಅಂದಾಜು ಕೇಳಿದರೆ, ನಿಮ್ಮದು ರಿಲೀಸ್ ಪಿನ್ ಅಥವಾ ಮೊಣಕಾಲ ಲಿಫ್ಟರ್. ದಪ್ಪ ಜಾಗದ ಮಾತು ಹೇಳದೇ ಇದ್ದಿದ್ದರೆ ಡಿಸ್ಕ್‌ನಿಂದ ಶುರು ಮಾಡಿ ಅನ್ನುತ್ತಿದ್ದೆ. ಇವೆರಡೂ ಅಲ್ಲ ಅಂತಾದರೆ ಕೆಂಪು ನೀಲಿ ದಾರದ ಆ ಚೂರನ್ನು ಕಳಿಸಿ. ಎಲ್ಲಿಂದ ಹೊಲಿಗೆ ಶುರು, ಎಲ್ಲಿಂದ ಜೋರು ಮಾಡಿದಿರಿ, ಬಾಬಿನ್ ಆಗ ತುಂಬಿತ್ತಾ ಖಾಲಿಯಾಗುತ್ತಿತ್ತಾ ಅಂತ ಬಟ್ಟೆಯ ಮೇಲೇ ಬರೆಯಿರಿ. ತುದಿಯ ದಾರ ಕತ್ತರಿಸಬೇಡಿ, ಇಸ್ತ್ರಿಯೂ ಮಾಡಬೇಡಿ.